ಬಂಟ್ವಾಳಕ್ಕೆ ಸಿಗುವುದು ಕೆಲವೇ ಗಂಟೆ

ಕೇಂದ್ರ ಜಲ ಆಯೋಗದ ನೆರೆ ಮುನ್ಸೂಚನೆ ದೆಹಲಿಯ ಯಮುನೆಯಲ್ಲಿ 1958ರಲ್ಲಿ ಶುರುವಾಯಿತು ಎಂದು ಬರೆದಿದ್ದೀರಿ. ತುಂಬ ಒಳ್ಳೆಯ ಲೇಖನ. ಆದರೆ ನಮ್ಮ ನೇತ್ರಾವತಿಯ ಕಷ್ಟವೇ ಬೇರೆ ಸರ್. ಗಂಗೆಯಂಥ ಉದ್ದದ ನದಿಯಲ್ಲಿ ಒಂದೆರಡು ದಿನ ಮೊದಲೇ ಹೇಳಬಹುದು. ಇಲ್ಲಿ ಘಟ್ಟದಿಂದ ಕಡಲಿಗೆ ದೂರವೇ ಇಲ್ಲ. ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಸೇರಿಕೊಂಡ ನೀರು ಬಂಟ್ವಾಳ ಮುಟ್ಟಲು ಎಷ್ಟು ಹೊತ್ತು ಬೇಕು, ಅಲ್ವಾ? ಕಡಲಲ್ಲಿ ಭರತ, ಅಂದರೆ ಉಬ್ಬರ, ಇದ್ದರಂತೂ ಕೆಳಗಿನ ನೀರು ಬೇಗ ಇಳಿಯುವುದಿಲ್ಲ. 1974ರ ನೆರೆಯನ್ನು ನಮ್ಮ ಅಜ್ಜಿ ಕಣ್ಣಾರೆ ಕಂಡವರು. ಅದಕ್ಕೂ ಹಿಂದಿನ 1923ರ ಮಾರಿ ಬೊಳ್ಳದ (ತುಳುವಿನಲ್ಲಿ ಮಹಾ ನೆರೆ) ಕಥೆ ಅವರ ಅಮ್ಮ ಹೇಳಿದ್ದು. ಆಗ ಮುನ್ಸೂಚನೆ ಎಲ್ಲಿತ್ತು! ಜಡಿಮಳೆಯ ರಾತ್ರಿ ಗಂಟೆಗೊಮ್ಮೆ ನೀರಿನ ಮಟ್ಟ ನೋಡಿ ಬರೆದಿಡುವ ನೌಕರರ ಬಗ್ಗೆಯೂ ದಯವಿಟ್ಟು ಬರೆಯಿರಿ.