ಶಿನ್ ಕಾಮೆನ್ ರೈಡರ್: ದೊಡ್ಡವನಾದ ಮೇಲೆ ಸಿಕ್ಕಿದ್ದೇ ಒಳ್ಳೇದಾಯ್ತು

ಮುಖವಾಡ ತೊಟ್ಟು ಬೈಕ್ ಏರಿ ಹೋರಾಡುವ ಜಪಾನಿನ ಹೀರೋ ಕಾಮೆನ್ ರೈಡರ್ ಹಿಡಿಸಬೇಕಾದರೆ ಚಿಕ್ಕಂದಿನಿಂದ ನೋಡಿ ಬೆಳೆದಿರಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಬಾಲ್ಯದಲ್ಲಿ ಕಾಮೆನ್ ರೈಡರ್ ಇರಲೇ ಇಲ್ಲ. ನಮಗೆ ಜಪಾನಿನ ಹೀರೋ ಅಂದರೆ ದೂರದರ್ಶನದಲ್ಲಿ ಬರುತ್ತಿದ್ದ ಜೈಂಟ್ ರೋಬೋಟ್. ಹಿದೆಯಾಕಿ ಆನ್ನೊ ನಿರ್ದೇಶಿಸಿದ 2023ರ 'ಶಿನ್ ಕಾಮೆನ್ ರೈಡರ್' ನಾನು ನೋಡಿದ್ದು ಸಂಸಾರ, ಸಾಲ, ಮನೆಯಲ್ಲೊಂದು ಸಾವು ಎಲ್ಲ ಕಂಡಾದ ಮೇಲೆ. ಆ ಸಿನಿಮಾಕ್ಕೆ ಅದೇ ಸರಿಯಾದ ವಯಸ್ಸು. (ಮುಂದೆ ಕತೆ ಪೂರ್ತಿ ಹೇಳಿದ್ದೇನೆ. ನೋಡದವರು ನೋಡಿ ಬಂದು ಓದಿ.)

ಮೊದಲ ಹೊಡೆದಾಟವನ್ನೇ ತಗೊಳ್ಳಿ. ಮಿಡತೆಯ ಮುಖವಾಡ ತೊಟ್ಟ ತಕೇಶಿ ಹೊಂಗೊ ಒಂದೊಂದು ಗುದ್ದು ಕೊಟ್ಟಾಗಲೂ ರಕ್ತ ಚಿಮ್ಮುತ್ತದೆ. ಎಲ್ಲ ಮುಗಿದ ಮೇಲೆ ಅವನು ಬೀಗುವುದಿಲ್ಲ. ತನ್ನ ಕೈ ನೋಡಿಕೊಂಡು ನಡುಗುತ್ತಾನೆ. ಶಾಕರ್ ಅನ್ನುವ ಗುಂಪಿನೊಳಗೆ ಅವನನ್ನು ಒಂದು ಮಾತೂ ಕೇಳದೆ ಅವನ ದೇಹವನ್ನೇ ಬದಲಾಯಿಸಿಬಿಟ್ಟಿದ್ದಾರೆ. ಮುಖವಾಡ ಹಾಕಿದರೆ ಕೊಲ್ಲುವ ಆವೇಶ ಬೇರೆ ಏರುತ್ತದೆ. ಸ್ವಭಾವದಲ್ಲಿ ಅವನು ಮೆತ್ತಗಿನವನು, ನಾಲ್ಕು ಜನರ ಜೊತೆ ಸಲೀಸಾಗಿ ಮಾತಾಡಲೂ ಬಾರದವನು. ಅವನ ಅಪ್ಪ ಪೊಲೀಸ್. ಚಾಕು ಹಿಡಿದವನ ಮೇಲೆ ಗುಂಡು ಹಾರಿಸದೆ, ಮಾತಿನಲ್ಲೇ ಒಲಿಸಲು ಹೋಗಿ ಪ್ರಾಣ ಬಿಟ್ಟವರು. ಅಪ್ಪನ ಹಾಗೆ ಕರುಣೆಯೂ ಇರಬೇಕು, ಅಪ್ಪನ ಹಾಗೆ ಸೋಲಲೂಬಾರದು. ಈ ಹಗ್ಗಜಗ್ಗಾಟ ಹತ್ತು ವರ್ಷದ ಹುಡುಗನಿಗೆ ಎಲ್ಲಿ ಅರ್ಥವಾಗುತ್ತದೆ? ನನಗಂತೂ ಆಗುತ್ತಿರಲಿಲ್ಲ.

ಈ ನೋವು ಆನ್ನೊ ಹೊಸದಾಗಿ ತಂದು ಸೇರಿಸಿದ್ದಲ್ಲ. ಶೋತಾರೊ ಇಶಿನೊಮೊರಿ 1971ರಲ್ಲಿ ಬರೆದ ಮೂಲ ಮಾಂಗಾದಲ್ಲೇ (ಜಪಾನಿ ಕಾಮಿಕ್ಸ್) ಅದು ಇದೆ. ಅಲ್ಲಿ ಹೊಂಗೊಗೆ ಸಿಟ್ಟು ಬಂದಾಗ ಶಸ್ತ್ರಚಿಕಿತ್ಸೆಯ ಗಾಯದ ಗುರುತುಗಳು ಮುಖದ ಮೇಲೆ ಎದ್ದು ಕಾಣುತ್ತವೆ. ಅವನ್ನು ಮುಚ್ಚಿಕೊಳ್ಳಲು ಅವನಿಗೆ ಮುಖವಾಡ ಬೇಕು. ಅದೇ ವರ್ಷ ಏಪ್ರಿಲ್ 3ಕ್ಕೆ ಶುರುವಾದ ಟೀವಿ ಸರಣಿ 98 ಕಂತು ಓಡಿತು. ಆ ಸರಣಿಯ ಹಿಂದಿನ ಕತೆಯೂ ಸಣ್ಣದಲ್ಲ. ಹೊಂಗೊ ಪಾತ್ರ ಮಾಡಿದ ಹಿರೋಶಿ ಫುಜಿಯೋಕ ಆರಂಭದಲ್ಲೇ, ಶೂಟಿಂಗ್ ವೇಳೆ ಬೈಕ್ ಅಪಘಾತದಲ್ಲಿ ಕಾಲು ಮುರಿದುಕೊಂಡರು. ಸರಣಿ ನಿಂತೇ ಹೋಗಬಹುದಿತ್ತು. 14ನೇ ಕಂತಿನಿಂದ ತಕೇಶಿ ಸಸಾಕಿ ಎರಡನೇ ರೈಡರ್ ಹಾಯಾತೊ ಇಚಿಮೊಂಜಿಯಾಗಿ ಬಂದರು. ಅಲ್ಲಿಯವರೆಗೆ ಬೈಕ್ ಓಡುವಾಗಿನ ಗಾಳಿ ಬೆಲ್ಟಿನ ಚಕ್ರಕ್ಕೆ ಬಡಿದರೆ ಹೊಂಗೊ ರೈಡರ್ ಆಗಿ ರೂಪ ಬದಲಾಗುತ್ತಿತ್ತು. ಇಚಿಮೊಂಜಿ ಕೈ ಬೀಸಿ 'ಹೆನ್‌ಶಿನ್' (ಅಂದರೆ ರೂಪಾಂತರ) ಎಂದು ಕೂಗತೊಡಗಿದ. ಜಪಾನಿನ ಮಕ್ಕಳೆಲ್ಲ ಅದನ್ನೇ ಅನುಕರಿಸಿದರು. ಹೊಸ ಸಿನಿಮಾದಲ್ಲಿ ಇಚಿಮೊಂಜಿಯ ಜೊತೆಗಿನ ಕಾಳಗದಲ್ಲಿ ಹೊಂಗೊನ ಕಾಲು ಮುರಿಯುತ್ತದೆ. ಹಳೆಯ ಸುದ್ದಿ ಗೊತ್ತಾದ ಮೇಲೆ ಆ ದೃಶ್ಯ ಮತ್ತೆ ನೋಡಿದೆ, ಎದೆ ಭಾರವಾಯಿತು.

ನನ್ನನ್ನು ಜಾಸ್ತಿ ಕಾಡಿದ್ದು ಖಳರು. ಇಲ್ಲಿನ ಶಾಕರ್ ಲೋಕ ಗೆಲ್ಲಲು ಹೊರಟ ಗುಂಪಲ್ಲ. ಅತಿ ಹೆಚ್ಚು ನೊಂದವರಿಗೆ ಸುಖ ಕೊಡಬೇಕು ಅಂತ ಒಂದು ಕೃತಕ ಬುದ್ಧಿಯ ಯಂತ್ರ ಲೆಕ್ಕ ಹಾಕಿದೆ. ಆ ಸುಖಕ್ಕೆ ಯಾರು ಬೆಲೆ ತೆರಬೇಕು ಅನ್ನುವುದು ಅದರ ಲೆಕ್ಕದಲ್ಲಿಲ್ಲ. ನಾಯಕಿ ರುರಿಕೊಳ ಅಣ್ಣ ಇಚಿರೊನನ್ನು ನೋಡಿ. ದಾರಿಹೋಕನೊಬ್ಬ ಸುಮ್ಮನೆ ಅವನ ತಾಯಿಯನ್ನು ಕೊಂದಿದ್ದಾನೆ. ಇಂಥ ಜಗತ್ತೇ ಬೇಡ, ಎಲ್ಲರ ಆತ್ಮಗಳನ್ನೂ ಸುಳ್ಳು, ಹಿಂಸೆ ಇಲ್ಲದ ಇನ್ನೊಂದು ಲೋಕಕ್ಕೆ ಕಳಿಸಿಬಿಡುತ್ತೇನೆ ಅನ್ನುತ್ತಾನೆ. ಮನೆಯವರನ್ನು ಅನ್ಯಾಯವಾಗಿ ಕಳೆದುಕೊಂಡವರಿಗೆ ಒಂದು ಕ್ಷಣವಾದರೂ ಈ ಆಸೆ ಬಂದಿರುತ್ತದೆ, ಅಲ್ವಾ? ಹೊಂಗೊ ಮತ್ತು ಇಚಿರೊ ಇಬ್ಬರ ಗಾಯವೂ ಒಂದೇ. ಹಿಡಿದ ದಾರಿ ಬೇರೆ. ಅದಕ್ಕೇ ಇರಬೇಕು, ಕೊನೆಯ ಹೊಡೆದಾಟದಲ್ಲಿ ವೈಭವವೇ ಇಲ್ಲ. ಸುಸ್ತಾದವರು ನೆಲದ ಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಉರುಳಾಡುತ್ತಾರೆ. ತುಂಬಾ ಜನರಿಗೆ ಅದು ಸಪ್ಪೆ ಅನ್ನಿಸಿದೆ. ನನಗೆ ಇಡೀ ಸಿನಿಮಾದಲ್ಲಿ ಅತ್ಯಂತ ಪ್ರಾಮಾಣಿಕ ಅನ್ನಿಸಿದ್ದು ಅದೇ.

ಕೊರತೆಗಳಿವೆ. ಮಧ್ಯಭಾಗ ಅವಸರದ್ದು. ಒಬ್ಬ ಖಳ ಸತ್ತ ಕೂಡಲೇ ಇನ್ನೊಬ್ಬ ಬರುತ್ತಾನೆ. ಅನುಭವಕ್ಕೆ ಬರಬೇಕಾದ್ದನ್ನು ಪಾತ್ರಗಳು ಬಾಯಲ್ಲೇ ವಿವರಿಸಿಬಿಡುತ್ತವೆ. ಕತ್ತಲ ಸುರಂಗದ ಕಾಳಗದಲ್ಲಿ ಯಾರು ಯಾರಿಗೆ ಹೊಡೆದರು ಅಂತಲೇ ತಿಳಿಯುವುದಿಲ್ಲ. ಆದರೆ ಮಿನಾಮಿ ಹಮಾಬೆಯ ರುರಿಕೊ ಬಂದಾಗೆಲ್ಲ ಸಿನಿಮಾ ಮತ್ತೆ ಚೇತರಿಸಿಕೊಳ್ಳುತ್ತದೆ. ಮುಖದಲ್ಲಿ ಭಾವನೆಯನ್ನೇ ತೋರಿಸದ ಹುಡುಗಿ ಗೆಳತಿಯ ಸಾವಿನ ನಂತರ ಹೊಂಗೊನ ಎದೆಗೆ ಒರಗಿ ಅಳುವ ಕ್ಷಣ ಒಂದೇ ಸಾಕು. ಇವರಿಬ್ಬರ ನಡುವೆ ಪ್ರೇಮಕತೆ ತುರುಕಿಲ್ಲ, ನಂಬಿಕೆ ಇದೆ ಅಷ್ಟೇ. ಅದಕ್ಕೂ ಆನ್ನೊಗೆ ನನ್ನ ನಮಸ್ಕಾರ.

ಕೊನೆಗೆ ಹೊಂಗೊ ಉಳಿಯುವುದಿಲ್ಲ. ಅವನ ಪ್ರಜ್ಞೆ ಮುಖವಾಡದಲ್ಲಿ ಉಳಿಯುತ್ತದೆ. ಇಚಿಮೊಂಜಿ ಅದನ್ನು ಧರಿಸಿ, ಅವನ ಜೊತೆ ಮಾತಾಡುತ್ತಾ ಬೈಕ್ ಓಡಿಸುತ್ತಾನೆ. ಮಾಂಗಾದಲ್ಲೂ ಸತ್ತ ಹೊಂಗೊನ ಮೆದುಳು ಉಳಿದು ಇಚಿಮೊಂಜಿಗೆ ಜೊತೆಯಾಗುತ್ತದೆ. ಟೀವಿ ಸರಣಿ ಬಿಟ್ಟುಕೊಟ್ಟಿದ್ದ ಈ ಕಹಿಯನ್ನು ಆನ್ನೊ ಧೈರ್ಯವಾಗಿ ವಾಪಸ್ ತಂದಿದ್ದಾರೆ.

ನೋಡುವುದಾದರೆ ಜಪಾನಿ ಧ್ವನಿಯಲ್ಲೇ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಚಿಕ್ಕ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ, ಶುರುವಿನಲ್ಲೇ ರಕ್ತ ಜಾಸ್ತಿ. ಈಗಾಗಲೇ ನೋಡಿದವರು ಇಚಿರೊನ ಬಗ್ಗೆ ಹೇಳಿ. ಅವನ ಮೇಲೆ ನಿಮಗೆ ಸಿಟ್ಟು ಬಂತಾ? ನನಗೆ ಕೊನೆಯವರೆಗೂ ಬರಲಿಲ್ಲ.