ಪರದೆಯ ಆಚೆ ಸ್ಕೂಟರ್

ಪುಣೆಯಲ್ಲಿ ಗುರುವಾರ ಕರೆಂಟ್ ಹೋಗುತ್ತದೆ. ಹೋಗಲಿ, ಅದು ಇಲ್ಲಿನ ರೂಢಿ. ಎಲ್ಲೋ ರಿಪೇರಿ ಇರುತ್ತದೆ, ಬೆಳಿಗ್ಗೆ ಹೋದದ್ದು ಮಧ್ಯಾಹ್ನ ಬರುತ್ತದೆ. ನಲವತ್ತು ವರ್ಷದಿಂದ ಕೋಥರೂಡಿನಲ್ಲಿದ್ದೇನೆ, ಗುರುವಾರದ ಮೇಲೆ ನನಗೆ ಒಮ್ಮೆಯೂ ಸಿಟ್ಟು ಬಂದಿರಲಿಲ್ಲ. ಹೋದ ಗುರುವಾರ ಬಂತು. ಕೊತ್ತಂಬರಿ ತರಲೆಂದು ಚೀಲ ಹಿಡಿದು ಗ್ಯಾರೇಜಿಗೆ ಹೋದರೆ ನನ್ನ ಸ್ಕೂಟರ್ ಪರದೆಯ ಆಚೆ ನಿಂತಿದೆ. ಪರದೆ ಮೇಲೇರಬೇಕೆಂದರೆ ಕರೆಂಟ್ ಬೇಕು.

ಪರದೆ ಮಗನದು. ಅದು ಗಾಲ್ಫ್ ಪರದೆ. ಗ್ಯಾರೇಜಿನೊಳಗೆ ಗಾಲ್ಫ್ ಹೇಗೆ ಎಂದು ನನ್ನನ್ನು ಕೇಳಬೇಡಿ. ಪರದೆ ಮೇಲೆ ಹುಲ್ಲು ಕಾಣುತ್ತದೆ, ಇವನು ಹೊಡೆಯುತ್ತಾನೆ, ಚೆಂಡು ಪರದೆಗೆ ಬಡಿದು ಕೆಳಗೆ ಬೀಳುತ್ತದೆ. ಆದರೆ ಅದೇ ಚೆಂಡು ಹುಲ್ಲಿನ ಮೇಲೆ ಇನ್ನೂ ಹಾರುತ್ತಲೇ ಇರುತ್ತದೆ. ನನಗೆ ಗೊತ್ತಿರುವುದು ಇಷ್ಟೇ. ಯೆರವಡಾದಲ್ಲಿ ನಿಜವಾದ ಗಾಲ್ಫ್ ಮೈದಾನವೇ ಇದೆ, ಅಲ್ಲಿಗೆ ಹೋಗಬಾರದೇನು ಅಂದೆ. 'ಅಪ್ಪಾ, ಟ್ರಾಫಿಕ್ ನೋಡೀರೇನು?' ಅಂದ. ಹಾಗಾಗಿ ಯೆರವಡಾ ದೂರವಾಯಿತು, ಸ್ಕಾಟ್ಲೆಂಡ್ ಹತ್ತಿರವಾಯಿತು. ರಾತ್ರಿ ಊಟವಾದ ಮೇಲೆ ಅವನು ಸೇಂಟ್ ಆಂಡ್ರ್ಯೂಸ್‌ನಲ್ಲಿ ಇರುತ್ತಾನೆ. ಅಲ್ಲಿ ಮೊದಲು 22 ಕುಳಿ ಇದ್ದವಂತೆ, 1764ರಲ್ಲಿ 18 ಮಾಡಿದರಂತೆ. ಇನ್ನೂ ಕಡಿಮೆ ಮಾಡಬಹುದಿತ್ತು. ಅಷ್ಟೇಕೆ, 1457ರಲ್ಲೇ ಸ್ಕಾಟ್ಲೆಂಡಿನ ಎರಡನೇ ಜೇಮ್ಸ್ ರಾಜ ಈ ಆಟವೇ ಬೇಡ ಎಂದು ಕಾನೂನು ಮಾಡಿದ್ದ. ಜನ ಬಿಲ್ವಿದ್ಯೆ ಬಿಟ್ಟು ಇದಕ್ಕೇ ಗಂಟು ಬಿದ್ದಿದ್ದರಂತೆ. ಒಳ್ಳೆಯ ರಾಜ. ಅವನ ಮಾತು ಯಾರೂ ಕೇಳಲಿಲ್ಲ.

ನಮ್ಮ ಗ್ಯಾರೇಜಿನಲ್ಲಿ ಕಾರಿಲ್ಲ. ಕಾರು ರಸ್ತೆಯ ಮೇಲೆ ಬೇವಿನ ಮರದ ಕೆಳಗೆ ಇರುತ್ತದೆ. ಗ್ಯಾರೇಜಿನಲ್ಲಿರುವುದು ನನ್ನ ಬಜಾಜ್ ಚೇತಕ್. ಇಲ್ಲೇ ಆಕುರ್ಡಿಯಲ್ಲಿ ಹುಟ್ಟಿದ್ದು. ಆಗೆಲ್ಲ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು, ಕಾದು ತಂದಿದ್ದೇನೆ. ಇವತ್ತಿಗೂ ಎಡಕ್ಕೆ ಒಂದು ಸಲ ವಾಲಿಸಿ ಕಿಕ್ ಹೊಡೆದರೆ ಶುರುವಾಗುತ್ತದೆ. ಮಗ ಮೊದಲು ಅದನ್ನು ಮಾರೋಣ ಅಂದ. ಅವನ ತಾಯಿ ಮೂರು ದಿನ ಇಬ್ಬರ ಜೊತೆಗೂ ಮಾತು ಬಿಟ್ಟಳು. ಕೊನೆಗೆ ರಾಜಿಯಾಯಿತು. ಆಡುವಾಗ ಪರದೆ ಇಳಿಯಬೇಕು, ಆಡಿದ ಮೇಲೆ ಸುತ್ತಿಕೊಂಡು ಛಾವಣಿಗೆ ಹೋಗಬೇಕು, ಸ್ಕೂಟರ್ ಹೊರಗೆ ಬರಬೇಕು. ರಾಜಿಯಲ್ಲಿ ಗುರುವಾರದ ಮಾತು ಬರಲಿಲ್ಲ.

ಅಳತೆ ತೆಗೆಯುವ ದಿನ ಟೇಪಿನ ಒಂದು ತುದಿ ಹಿಡಿದವನು ನಾನೇ. ಗ್ಯಾರೇಜಿನ ಉದ್ದ 20 ಅಡಿ. ತೊಲೆಯ ಕೆಳಗೆ ಎತ್ತರ ಒಂಬತ್ತೂವರೆ ಅಡಿ. ಸಾಕಾಗುತ್ತದೆ, ಜಸ್ಟ್ ಸಾಕಾಗುತ್ತದೆ ಅಂದ ಮಗ. ಅವನ ಅತಿ ಉದ್ದದ ಕೋಲಿಗೆ ಡ್ರೈವರ್ ಎಂದು ಹೆಸರು. ನಾಲ್ಕಡಿಗೆ ಸ್ವಲ್ಪ ಕಡಿಮೆ. ಅದನ್ನು ಮೆಲ್ಲಗೆ ತಿರುಗಿಸಿ ತೋರಿಸಿದ, ಎಲ್ಲೂ ತಾಗಲಿಲ್ಲ. ಜೋರಾಗಿ ತಿರುಗಿಸಿದಾಗ ಟ್ಯೂಬ್‌ಲೈಟ್ ಹೋಯಿತು. ಪ್ಲಾಸ್ಟಿಕ್ ಚೀಲಕ್ಕೆ ಗಾಜು ತುಂಬಿದವನೂ ನಾನೇ.

ಬಟ್ಟೆ ಬಂದ ದಿನ ಮಾತ್ರ ನನಗೆ ನಿಜವಾಗಿ ಆಸಕ್ತಿ ಹುಟ್ಟಿತು. ನಾನು ಗುಳೇದಗುಡ್ಡದವನು, ನೇಕಾರನ ಮಗ. ಅಪ್ಪ ಕುಣಿಮಗ್ಗದಲ್ಲಿ ಕೂತು ನೇಯ್ದ ಖಣಗಳು ಈ ಪುಣೆಯ ಪೇಟೆಗೇ ಬರುತ್ತಿದ್ದವು. ಬಟ್ಟೆ ಕಂಡರೆ ಹೆಬ್ಬೆರಳು ತಾನಾಗಿ ಹೋಗುತ್ತದೆ. ತಿಕ್ಕಿ ನೋಡಿದೆ. ಪಾಲಿಯೆಸ್ಟರ್, ದಪ್ಪ, ಗೋಣಿಯಷ್ಟು ಭಾರ, ಆದರೆ ಹಾಸು ಹೊಕ್ಕು ಎರಡೂ ಗಟ್ಟಿ. ಚಲೋ ಕೆಲಸ. ಬಣ್ಣ ಮಾತ್ರ ಬಿಳಿ. ಇಷ್ಟು ದುಡ್ಡು ಕೊಟ್ಟು ಒಂದು ದಡಿಯೂ ಇಲ್ಲದ ಬಟ್ಟೆ ತರುವುದೇ?

ಹಾಕಲು ಬಂದ ಹುಡುಗ ದಿನಾ ಅಂಗಡಿಗಳ ರೋಲಿಂಗ್ ಶಟರಿಗೆ ಮೋಟರ್ ಕೂರಿಸುವವನು. ಬಟ್ಟೆ ನೋಡಿ, 'ಕಾಕಾ, ಹಾ ಪಿಕ್ಚರ್‌ಚಾ ಪಡ್ದಾ ಆಹೇ ಕಾ?', ಇದು ಸಿನಿಮಾ ಪರದೆಯೇ ಎಂದು ಕೇಳಿದ. ಕಾಕಾ ಅಂದರೆ ನನಗೆ ಖುಷಿ, ನಮ್ಮ ಕಡೆಯೂ ಅದೇ ಮಾತು. ಅವನು ಮೊದಲು ರಸಮಟ್ಟ ಇಟ್ಟು ರೋಲರ್ ನೋಡಿದ. ಒಂದು ಕಡೆ ಕೂದಲೆಳೆ ಇಳಿದಿದ್ದರೂ ಬಟ್ಟೆ ಸುತ್ತುವಾಗ ವಾರೆ ಸರಿದು ಅಂಚು ಹರಿಯುತ್ತದೆ ಅಂದ. ನಾನು ಗೊತ್ತು ಅಂದೆ. ನಿಮಗೆ ಹೇಗೆ ಗೊತ್ತು ಅಂದ. ನಮ್ಮ ಮಾವ ಪರದೆ ಎಳೆಯುತ್ತಿದ್ದ ಅಂದೆ.

ಮಾವನ ವಿಷಯ ಬಂತು ಅಂದಮೇಲೆ ಹೇಳಿಯೇ ಬಿಡುತ್ತೇನೆ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಗೊತ್ತಲ್ಲ? ಬನದ ಹುಣ್ಣಿಮೆಗೆ ತೇರು. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ಸಾಲಾಗಿ ನಾಟಕ ಕಂಪನಿಗಳು ಬೀಡು ಬಿಟ್ಟಿರುತ್ತವೆ. 1966ರಲ್ಲಿ ನನ್ನ ಸೋದರಮಾವ ಅಂಥದೊಂದು ಕಂಪನಿಯಲ್ಲಿ ಪರದೆ ಎಳೆಯುವ ಕೆಲಸಕ್ಕಿದ್ದ. ಶಿಸ್ತಿನ ಮನುಷ್ಯ, ಸ್ವಂತ ಅಳಿಯನಿಗೂ ಪಾಸ್ ಕೊಡಿಸುತ್ತಿರಲಿಲ್ಲ. ಹಾಗಾಗಿ ನಾನು ಹಿಂದುಗಡೆ ತಾಡಪತ್ರಿ ಎತ್ತಿ ನುಸುಳುತ್ತಿದ್ದೆ. ಒಳಗೆ ಹೋದರೆ ನೇರ ಮಾವನ ಕಾಲ ಬುಡ. ಒಳಗೆ ಬಂದವನನ್ನು ಹೊರಗೆ ಹಾಕುವಷ್ಟು ಶಿಸ್ತು ಅವನಿಗಿರಲಿಲ್ಲ.

ನಾಟಕವನ್ನೆಲ್ಲ ನಾನು ನೋಡಿದ್ದು ಹಿಂದಿನಿಂದ. ಅರಮನೆ ಪರದೆ, ಬೀದಿ ಪರದೆ, ಕಾಡು ಪರದೆ. ನನಗೆ ಎಲ್ಲವೂ ಒಂದೇ, ಮಾಸಿದ ಬಟ್ಟೆಯ ಬೆನ್ನು. ಕೆಳಗೆ ಒಂದು ಬಿದಿರಿನ ಗಳ. ಹಗ್ಗ ಎಳೆದರೆ ಗಳ ತಾನೇ ಸುತ್ತಿಕೊಳ್ಳುತ್ತ ಮೇಲೇರುತ್ತದೆ. ಎರಡು ಕಡೆಯ ಹಗ್ಗವೂ ಒಂದೇ ಸಮ ಬರಬೇಕು, ಇಲ್ಲವಾದರೆ ಅರಮನೆ ಒಂದು ಕಡೆ ವಾಲುತ್ತದೆ. ಸೀಟಿ ಊದಿದಾಗ ಎಳಿ, ಸೀಟಿ ಊದಿದಾಗ ಬಿಡು. ಇಷ್ಟೇ ಕೆಲಸ. ಆದರೆ ಆವತ್ತು ಸಂಜೆ ಮಾವ ಗುಡಿ ಮುಂದೆ ಕೂತ ಅಜ್ಜಿಯರ ಬುಟ್ಟಿಯಿಂದ ನಾಲ್ಕು ರೊಟ್ಟಿ, ಪುಂಡಿಪಲ್ಲೆ, ಕೆಂಪು ಖಾರ, ಗಡಿಗೆ ಮೊಸರು ಎಲ್ಲ ಹೊಡೆದಿದ್ದ. ದರ್ಬಾರಿನ ಸೀನು ನಡೆದಿತ್ತು. ರಾಜ ಗುಡುಗುತ್ತಿದ್ದ. ಮಾವ ನಿಂತಲ್ಲೇ ತೂಕಡಿಸಿದ, ಹಗ್ಗ ಜಾರಿತು, ಸರ್ರ್ ಎಂದು ಕಾಡು ಪರದೆ ವಾರೆಯಾಗಿ ಅರ್ಧಕ್ಕೆ ಬಂದು ದರ್ಬಾರಿನ ಮಧ್ಯೆ ನೇತಾಡಿತು.

ಜನ ಹೋ ಎಂದರು. ರಾಜ ಒಂದು ಕ್ಷಣ ಕಾಡು ನೋಡಿದ. ಆಮೇಲೆ, 'ಮಂತ್ರೀ, ಅರಮನಿಯೊಳಗ ಕಾಡು ಹೆಂಗ ಬಂತು?' ಎಂದ. ಮಂತ್ರಿ ಕೈ ಮುಗಿದು, 'ಪ್ರಭು, ನಿಮ್ಮ ತೆರಿಗಿ ತಾಳಲಾರದೆ ಜನ ಕಾಡಿಗೆ ಹೋದ್ರು. ಅವರನ್ನು ತಾಳಲಾರದೆ ಕಾಡು ಇಲ್ಲಿಗೆ ಬಂತು' ಎಂದ. ಒನ್ಸ್ ಮೋರ್, ಒನ್ಸ್ ಮೋರ್! ಪರದೆ ಎತ್ತಿ ಮತ್ತೆ ಬೀಳಿಸಬೇಕಾಯಿತು. ಮರುದಿನ ಮಾಲೀಕ ಮಾವನನ್ನು ಕರೆದ. ಕೆಲಸ ಹೋಯಿತು ಎಂದುಕೊಂಡರೆ, ದಿನಾ ಹೀಗೇ ಬೀಳಿಸು ಎಂದನಂತೆ. ಮಾವ ದಿನಾ ಬೀಳಿಸಿದ. ಸರಿಯಾದ ಹೊತ್ತಿಗೆ, ಸರಿಯಾದ ಅರ್ಧಕ್ಕೆ, ಅಷ್ಟೇ ವಾರೆಯಾಗಿ. ಒಬ್ಬರೂ ನಗಲಿಲ್ಲ. ನಾಲ್ಕನೇ ದಿನ ಮಾಲೀಕನೇ ಬೇಡ ಅಂದ. ಮಾವನಿಗೆ ಇದು ದೊಡ್ಡ ಅವಮಾನವಾಯಿತು. ಬೀಳಿಸಿದ್ದಕ್ಕಲ್ಲ, ಸರಿಯಾಗಿ ಬೀಳಿಸಿಯೂ ಫೇಲಾಗಿದ್ದಕ್ಕೆ. ಕೊನೆಯವರೆಗೂ ಅದನ್ನೇ ಹೇಳುತ್ತಿದ್ದ.

ಈ ಕಥೆಯನ್ನು ಪಕ್ಕದ ಮನೆಯವರಿಗೂ ಹೇಳಿದ್ದೇನೆ. ಅವರು ನನ್ನ ಓರಿಗೆಯವರು, ಮರಾಠಿ ನಾಟಕದ ಹುಚ್ಚು. ನಾಟಕ ಅಂದರೆ ಮರಾಠಿ, ಮಿಕ್ಕದ್ದೆಲ್ಲ ಜಾತ್ರೆ ಎನ್ನುವ ಪೈಕಿ. ಅದಕ್ಕೇ ಪ್ರತಿ ವರ್ಷ ನವೆಂಬರ್ 5ಕ್ಕೆ, ಅಂದರೆ ಅವರ ರಂಗಭೂಮಿ ದಿನಕ್ಕೆ, ನಾನು ತಪ್ಪದೆ ಅವರ ಮನೆಗೆ ಚಹಾಕ್ಕೆ ಹೋಗುತ್ತೇನೆ. ನಮ್ಮ ಹೊನ್ನಾವರದ ಕಡೆಯ ಕರ್ಕಿಯ ಭಾಗವತ ಮೇಳ 1842ರಲ್ಲಿ ಸಾಂಗ್ಲಿಗೆ ಬಂದು ಆಡಿತು, ಅದನ್ನು ನೋಡಿ ಸಾಂಗ್ಲಿಯ ರಾಜರು ಇಂಥದ್ದು ಮರಾಠಿಯಲ್ಲೂ ಆಗಲಿ ಅಂದರು, ಮರುವರ್ಷ ವಿಷ್ಣುದಾಸ ಭಾವೆಯವರ ನಾಟಕ ಬಂತು ಎಂದು ನೆನಪಿಸುತ್ತೇನೆ. 'ಸ್ಫೂರ್ತಿ ಅಷ್ಟೇ' ಎನ್ನುತ್ತಾರೆ ಅವರು. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಕಿರ್ಲೋಸ್ಕರ್ ಅಣ್ಣಾಸಾಹೇಬರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ ಎಂದು ಮುಂದುವರಿಸುವಷ್ಟರಲ್ಲಿ ಚಹಾ ಮುಗಿದಿರುತ್ತದೆ. ಎರಡನೇ ಕಪ್ ಪುಣೆಯಲ್ಲಿ ಯಾರೂ ಕೇಳುವುದಿಲ್ಲ.

ಪರದೆ ಬಂದ ಮೇಲೆ ಅವರಿಗೆ ಸೇಡು ತೀರಿಸಿಕೊಳ್ಳಲು ಅವಕಾಶ ಸಿಕ್ಕಿತು. ಮಗ ಮೊದಲು ಚಿತ್ರ ಚೆನ್ನಾಗಿ ಬರಲಿ ಎಂದು ಬಟ್ಟೆಯನ್ನು ನಗಾರಿಯಂತೆ ಬಿಗಿದ. ಹೊಡೆದ ಚೆಂಡು ಹೋದಷ್ಟೇ ವೇಗದಲ್ಲಿ ವಾಪಸ್ ಬಂದು ಅವನ ಕಿವಿ ಪಕ್ಕದಿಂದ ಹಾದು ಕಬ್ಬಿಣದ ಶಟರಿಗೆ ಬಡಿಯಿತು. ಓಣಿಯ ನಾಯಿಗಳೆಲ್ಲ ಎದ್ದವು. ಆ ಚೆಂಡಿನ ತೂಕ 45.93 ಗ್ರಾಮ್ ದಾಟುವಂತಿಲ್ಲವಂತೆ, ಅಡ್ಡಗಲ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲವಂತೆ. ಸದ್ದಿಗೆ ಮಾತ್ರ ಯಾವ ಮಿತಿಯೂ ಇಲ್ಲ. ಆಮೇಲೆ ಸಡಿಲ ಬಿಟ್ಟ. ಈಗ ಬಟ್ಟೆ ಹೊಟ್ಟೆಯುಬ್ಬಿ ನನ್ನ ಚೇತಕ್ಕಿನ ಹೆಡ್‌ಲೈಟಿಗೆ ತಾಗಿತು. ಹಿಂದೆ ಕನಿಷ್ಠ ಒಂದಡಿ ಖಾಲಿ ಇರಬೇಕಿತ್ತು, ಅದು ಆಮೇಲೆ ಗೊತ್ತಾಯಿತು. ಸ್ಕೂಟರನ್ನು ಗೋಡೆಗೆ ಒತ್ತಿ ಅಡ್ಡ ನಿಲ್ಲಿಸಿದೆವು. ಇಷ್ಟೆಲ್ಲ ನಡೆದದ್ದು ಒಂದು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ. ಪುಣೆಯಲ್ಲಿ ಒಂದರಿಂದ ನಾಲ್ಕು ಯಾವ ಹೊತ್ತು ಎಂದು ಗೊತ್ತಿದ್ದವರಿಗೆ ಗೊತ್ತು. ಸೋಮವಾರ ನಮ್ಮ ಕಾಂಪೌಂಡ್ ಗೋಡೆಯ ಆಚೆ ಬದಿಯಲ್ಲಿ, ನಮ್ಮ ಕಡೆಗೇ ಮುಖ ಮಾಡಿ, ದುಂಡಗಿನ ಅಕ್ಷರದಲ್ಲಿ ಬರೆದ ಒಂದು ಪಾಟಿ, ಅಂದರೆ ಬೋರ್ಡು, ತೂಗುತ್ತಿತ್ತು: 'ಗಾಲ್ಫ್ ಆಡಲು ಯೆರವಡಾದಲ್ಲಿ ಮೈದಾನವಿದೆ. ಮಲಗಲು ನಮಗೆ ಇದೊಂದೇ ಮನೆ.'

ನಾನು ಮಗನಿಗೆ ಹೇಳಿದ್ದೂ ಅದನ್ನೇ ಅಲ್ವಾ? ಆದರೆ ಪಾಟಿಗೆ ಇರುವ ಮರ್ಯಾದೆ ಅಪ್ಪನಿಗಿಲ್ಲ. ಅವತ್ತಿನಿಂದ ಆಟ ರಾತ್ರಿಗೆ ಹೋಯಿತು. ರಾತ್ರಿ ಆಡಿದವನು ಪರದೆ ಎತ್ತದೆ ಮಲಗುವುದೂ ಶುರುವಾಯಿತು.

ಈಗ ಗುರುವಾರಕ್ಕೆ ಬರೋಣ. ಕೈಯಿಂದ ತಿರುಗಿಸುವ ಹ್ಯಾಂಡಲ್ ಇರುವ ಮೋಟರೂ ಸಿಗುತ್ತದೆ, ಸ್ವಲ್ಪ ಜಾಸ್ತಿ ಆಗುತ್ತದೆ ಎಂದು ಆ ಶಟರಿನ ಹುಡುಗ ಮೊದಲೇ ಹೇಳಿದ್ದ. ಸುಮ್ನೆ ಯಾಕೆ ಖರ್ಚು ಅಂದವರು ಯಾರು ಎಂಬುದು ಇಲ್ಲಿ ಬೇಡ. ಮಗ ಆಫೀಸಿಗೆ ಹೋಗಿದ್ದ. ಬಟ್ಟೆಯ ಕೆಳಗಿನ ಕಬ್ಬಿಣದ ಸರಳು ಒಂದಡಿ ಎತ್ತಿದೆ, ಮಂಡಿಯೂರಿದೆ, ನುಸುಳಿದೆ. ಅಂಚು ಬೆನ್ನು ಸವರಿತು. ಆಚೆ ಹೋಗಿ ಎದ್ದು ನಿಂತಾಗ ಎರಡು ಸಂಗತಿ ಹೊಳೆದವು. ಸ್ಕೂಟರನ್ನು ಹೀಗೆ ನುಸುಳಿಸಲು ಆಗುವುದಿಲ್ಲ. ಇನ್ನೊಮ್ಮೆ ಬಗ್ಗಲು ನನ್ನ ಮಂಡಿ ಒಪ್ಪುವುದಿಲ್ಲ.

ಸೀಟಿನ ಮೇಲೆ ಕೂತೆ. ತಂಪಾಗಿತ್ತು. ಎದುರಿಗೆ ಬಟ್ಟೆಯ ಬೆನ್ನು, ಆಚೆಯಿಂದ ಬಿದ್ದ ಬೆಳಕಿಗೆ ಮಾಸಲಾಗಿ ಕಾಣುತ್ತಿತ್ತು. ಚೆಂಡು ಬಡಿದ ಕಡೆಯೆಲ್ಲ ಚಿಕ್ಕ ಚಿಕ್ಕ ಕಲೆ. ಪರದೆಯನ್ನು ಹಿಂದಿನಿಂದ ನೋಡುವವರ ಬಗ್ಗೆ ಏನೋ ಒಂದು ಒಳ್ಳೆಯ ಮಾತು ಹೊಳೆಯುತ್ತಿದೆ ಅನ್ನಿಸಿತು. ಅಷ್ಟರಲ್ಲಿ ನಿದ್ದೆ ಬಂತು.

ಮೋಟರಿನ ಸದ್ದಿಗೆ ಎಚ್ಚರವಾಯಿತು. ಕರೆಂಟ್ ಬಂದಿತ್ತು, ಯಾರೋ ರಿಮೋಟ್ ಒತ್ತಿದ್ದರು. ಬಟ್ಟೆ ನಿಧಾನಕ್ಕೆ, ಒಂಚೂರೂ ವಾರೆಯಾಗದೆ, ಮೇಲೇರಿತು. ಮೊದಲು ಒಂದು ಜೊತೆ ಚಪ್ಪಲಿ ಕಂಡವು. ಆಮೇಲೆ ಇಳಕಲ್ ಸೀರೆಯ ಅಂಚು. ಆಮೇಲೆ ಸೊಂಟದ ಮೇಲಿಟ್ಟ ಕೈ. ಕೊನೆಗೆ ಮುಖ. ನಾನು ಚೇತಕ್ ಮೇಲೆ, ಮಡಿಲಲ್ಲಿ ಖಾಲಿ ಚೀಲ.

'ಇನ್ನೂ ಇಲ್ಲೇ ಕುಂತೀರೇನು?' ಎಂದಳು. 'ಸಾರು ಮಾಡೂದೂ ಆತು, ಉಣ್ಣೂದೂ ಆತು.'