ಬುಡಕ್ಕೆ ಎಣ್ಣೆ ಹಾಕುವ ನಾವು, ತುದಿ ಕಾಯುವ ಅವರು

ಅಮೆರಿಕದಲ್ಲಿ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ಆಗಾಗ ಕಿವಿಗೆ ಬೀಳುವ ಮಾತೊಂದಿದೆ: "ಅವರ ಕೂದಲು ಬೆಳೆಯೋದೇ ಇಲ್ಲ ಕಣ್ರೀ, ಅದಕ್ಕೇ ವಿಗ್ಗು, ಸಣ್ಣಸಣ್ಣ ಜಡೆ ಅಂತ ಏನೇನೋ ಮಾಡ್ಕೋತಾರೆ." ಅವರು ಅಂದರೆ ಕಪ್ಪು ಅಮೆರಿಕನ್ನರು. ಅಟ್ಲಾಂಟಾದಂಥ ಊರಲ್ಲಿ ಕೂತು ಈ ಮಾತಾಡುವವರು ಸುತ್ತ ಕಣ್ಣು ಹಾಯಿಸಿರುವುದಿಲ್ಲ ಅಷ್ಟೇ. ಆಫ್ರಿಕನ್ ಮೂಲದ ಕೂದಲು ತಿಂಗಳಿಗೆ ಸರಾಸರಿ 8 ಮಿಲಿಮೀಟರ್ ಬೆಳೆಯುತ್ತದೆ, ನಮ್ಮಂಥವರದು 12ರ ಆಸುಪಾಸು. ನಿಧಾನ ಹೌದು, ನಿಂತಿಲ್ಲ. ವರ್ಷಕ್ಕೆ 9-10 ಸೆಂಟಿಮೀಟರ್ ಅಂದರೆ ಐದು ವರ್ಷಕ್ಕೆ ಹೆಗಲು ದಾಟಿ ಬೆನ್ನಿಗೆ ಬರಬೇಕು. ಬರದಿದ್ದರೆ ತಪ್ಪು ಬುಡದ್ದಲ್ಲ. ಬುಡದಲ್ಲಿ ಬಂದಷ್ಟೂ ತುದಿಯಲ್ಲಿ ಮುರಿದು ಹೋಗುತ್ತಿದೆ.

ಕೂದಲ ಆರೈಕೆಯಲ್ಲಿ ನಮಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ ಅನ್ನುವುದು ನನ್ನ ಅನಿಸಿಕೆ. ನಮ್ಮದು ನೆತ್ತಿಯ ಶಾಸ್ತ್ರ. ನೆತ್ತಿಗೆ ಎಣ್ಣೆ ತಟ್ಟು, ಬುಡ ತಿಕ್ಕು, ಸೀಗೆಕಾಯಿ ಹಾಕಿ ಎರೆ. ಅವರದು ತುದಿಯ ಶಾಸ್ತ್ರ. ಕೂದಲಿನ ತುದಿಯ ಎರಡು ಅಂಗುಲ ಅಂದರೆ ಮನೆಯ ಹಿರಿಯಜ್ಜಿ ಇದ್ದಂತೆ, ನಾಲ್ಕೈದು ವರ್ಷದ ಬಿಸಿಲು, ಬಾಚಣಿಗೆ, ದಿಂಬು ಎಲ್ಲವನ್ನೂ ಕಂಡಿರುತ್ತದೆ. ಅದನ್ನು ನಾವು ಮಾತಾಡಿಸುವುದೇ ಇಲ್ಲ. ನೇರ ಕೂದಲಿಗೆ ಈ ಉದಾಸೀನ ಹೇಗೋ ನಡೆದುಹೋಗುತ್ತದೆ, ಬಿಗಿ ಗುಂಗುರಿಗೆ ನಡೆಯುವುದಿಲ್ಲ.

ಕಾರಣ ಎಳೆಯ ಆಕಾರದಲ್ಲಿದೆ. ಬಿಗಿ ಗುಂಗುರಿನ ಎಳೆ ದುಂಡಗಿರದೆ ರಿಬ್ಬನ್ನಿನಂತೆ ಚಪ್ಪಟೆ. ಹೆಜ್ಜೆಹೆಜ್ಜೆಗೂ ತಿರುವು, ತಿರುವಿದ್ದಲ್ಲೆಲ್ಲ ಬಲ ಕಡಿಮೆ. ನೆತ್ತಿ ಸ್ರವಿಸುವ ಜಿಡ್ಡು ನೇರ ಕೂದಲಲ್ಲಿ ಜಾರಿಕೊಂಡು ತುದಿ ಮುಟ್ಟುತ್ತದೆ. ಸ್ಪ್ರಿಂಗಿನಂಥ ಕೂದಲಲ್ಲಿ ಮೊದಲ ಸುತ್ತಿನಲ್ಲೇ ಕುಳಿತುಬಿಡುತ್ತದೆ. ಹಾಗಾಗಿ ನೆತ್ತಿ ಜಿಡ್ಡು ಜಿಡ್ಡು, ತುದಿ ಒಣಹುಲ್ಲು. ಜೊತೆಗೆ ಒದ್ದೆಯಾಗಿದ್ದಾಗ 30 ಸೆಂಟಿಮೀಟರ್ ಇದ್ದದ್ದು ಒಣಗಿದ ಮೇಲೆ ಸುರುಳಿ ಸುತ್ತಿ 10ಕ್ಕೆ ಇಳಿಯಬಹುದು. "ಬೆಳೆಯೋದೇ ಇಲ್ಲ" ಅನ್ನುವವರು ನೋಡುವುದು ಈ 10ನ್ನು.

ಮೊದಲು ಮಾಡಬೇಕಾದ್ದು ಒಂದು ಪರೀಕ್ಷೆ. ಬಾಚಣಿಗೆಗೆ ಬಂದ ಕೂದಲನ್ನು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಬಿಳಿ ಗುಂಡಿಯಂಥದ್ದು ಇದ್ದರೆ ಅದು ಆಯುಸ್ಸು ಮುಗಿದು ಉದುರಿದ್ದು. ದಿನಕ್ಕೆ 50ರಿಂದ 100 ಹಾಗೆ ಹೋದರೆ ಚಿಂತೆಯಿಲ್ಲ. ಗುಂಡಿ ಇಲ್ಲದ ಗಿಡ್ಡ ತುಂಡುಗಳೇ ಹೆಚ್ಚಿದ್ದರೆ ಅದು ಮುರಿತ. ಉದುರುವಿಕೆಗೆ ವೈದ್ಯರು, ಮುರಿತಕ್ಕೆ ಆರೈಕೆ. ಇವೆರಡನ್ನು ಒಂದೇ ಎಂದುಕೊಂಡು ಬಯೋಟಿನ್ ಗುಳಿಗೆ ನುಂಗುವವರು ಇಲ್ಲೂ ಇದ್ದಾರೆ, ಬೆಂಗಳೂರಲ್ಲೂ ಇದ್ದಾರೆ. ಮುರಿಯುವ ತುದಿಗೆ ಗುಳಿಗೆ ತಲುಪುವುದಿಲ್ಲ, ಅದು ಸತ್ತ ಪದರ.

ಇನ್ನು ತಲೆ ತೊಳೆಯುವ ದಿನ. ಕಪ್ಪು ಮಹಿಳೆಯರು ಇದನ್ನು ವಾಷ್ ಡೇ ಅನ್ನುತ್ತಾರೆ, ಅರ್ಧ ದಿನವೇ ಹೋಗುತ್ತದೆ, ನಮ್ಮ ದೀಪಾವಳಿಯ ಎಣ್ಣೆಸ್ನಾನದ ಹಾಗೆ. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಸಾಕು. ದಿನಾ ತೊಳೆದರೆ ಒಣಗುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಹೊಟ್ಟು ಕಟ್ಟಿ ನೆತ್ತಿ ಕೆಡುತ್ತದೆ.

ಕೂದಲನ್ನು ಬೈತಲೆ ತೆಗೆದು ನಾಲ್ಕು ಭಾಗ ಮಾಡಿ, ದಟ್ಟವಾಗಿದ್ದರೆ ಎಂಟು. ತೊಳೆಯುವ ಅರ್ಧ ಗಂಟೆ ಮೊದಲು, ಬೇಕಾದರೆ ಹಿಂದಿನ ರಾತ್ರಿಯೇ, ಕೊಬ್ಬರಿ ಎಣ್ಣೆ ಹಚ್ಚಿ. ಹೆಗಲುದ್ದದ ಕೂದಲಿಗೆ ಎರಡು ದೊಡ್ಡ ಚಮಚ ಸಾಕು, ಅದೂ ನೆತ್ತಿಗಲ್ಲ, ನಡುವಿನಿಂದ ತುದಿಯವರೆಗೆ. ಇದಕ್ಕೆ ಗಟ್ಟಿ ಆಧಾರವಿದೆ. ಭಾರತದ ವಿಜ್ಞಾನಿಗಳಾದ ರೇಲೆ ಮತ್ತು ಮೊಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿದರು. ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಪುಟ್ಟದು, ನೇರವಾದದ್ದು, ಎಳೆಯೊಳಗೆ ಇಳಿಯುತ್ತದೆ. ಕಪ್ಪು ಮಹಿಳೆಯರ ಆರೈಕೆಯ ಮಾತುಕತೆಯಲ್ಲಿ ಈ ಅಧ್ಯಯನ ಮತ್ತೆಮತ್ತೆ ಬರುತ್ತದೆ. ನಮ್ಮ ತೆಂಗಿನ ಸೀಮೆಯವರಿಗೇ ಇದರ ಸುದ್ದಿಯಿಲ್ಲ.

ಶ್ಯಾಂಪೂ ಬರೀ ನೆತ್ತಿಗೆ, ಬೆರಳ ತುದಿಯ ಮಾಂಸಲ ಭಾಗದಿಂದ, ಉಗುರು ತಾಗದಂತೆ. ನೊರೆ ಕೆಳಗಿಳಿಯುತ್ತ ಉದ್ದವನ್ನು ತಾನೇ ತೊಳೆಯುತ್ತದೆ. ನಾವು ಮಾಡುವಂತೆ ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ತಿಕ್ಕಿದರೆ ಬಿಡಿಸಲಾಗದ ಸಿಕ್ಕು. ಆಮೇಲೆ ಕಂಡೀಷನರ್, ಧಾರಾಳವಾಗಿ. ಒಂದು ಭಾಗ ಬಿಚ್ಚಿ, ಹಚ್ಚಿ, ಮೇಲೆ ಒಂದಿಷ್ಟು ನೀರು ಚಿಮುಕಿಸಿ. ಕೈಗೆ ಲೋಳೆಯಂತೆ ಜಾರಬೇಕು, ಜಾರದಿದ್ದರೆ ಬಾಚಣಿಗೆ ಮುಟ್ಟಬೇಡಿ. ಮೊದಲು ಬೆರಳು, ನಂತರ ಅಗಲ ಹಲ್ಲಿನ ಬಾಚಣಿಗೆ. ತುದಿಯ ಎರಡು ಅಂಗುಲ ಬಿಡಿಸಿ, ಅದರ ಮೇಲಿನ ಎರಡು ಅಂಗುಲ, ಹೀಗೆ ಹತ್ತುತ್ತ ಬುಡಕ್ಕೆ ಹೋಗಬೇಕು. ಬುಡದಿಂದ ಕೆಳಗೆ ಎಳೆದರೆ ದಾರಿಯ ಗಂಟೆಲ್ಲ ತುದಿಯಲ್ಲಿ ಸೇರಿ ಕಟುಕ್ ಎನ್ನುತ್ತದೆ. ಬಿಡಿಸಿದ ಭಾಗವನ್ನು ಕೂಡಲೇ ಸಡಿಲವಾಗಿ ಹೆಣೆದಿಟ್ಟು ಮುಂದಿನದಕ್ಕೆ ಹೋಗಿ.

ಈ ಲೋಳೆಯ ವಿಷಯದಲ್ಲಿ ನಮ್ಮ ಮಲೆನಾಡಿನ ಅಜ್ಜಿಯರು ಸರಿಯಾಗೇ ಇದ್ದರು. ದಾಸವಾಳದ ಸೊಪ್ಪು, ಮತ್ತಿಸೊಪ್ಪು ಕಿವುಚಿದ ರಸ ಮಾಡುವುದು ಇದೇ ಕೆಲಸ. ಇಲ್ಲಿನವರು ಅಗಸೆ ಬೀಜದಿಂದ ಅದನ್ನೇ ಪಡೆಯುತ್ತಾರೆ: ಕಾಲು ಕಪ್ ಬೀಜ, ಎರಡು ಕಪ್ ನೀರು, ಏಳೆಂಟು ನಿಮಿಷ ಕುದಿ, ಮೊಟ್ಟೆಯ ಬಿಳಿಯಂತೆ ನೂಲು ಬಂದ ಕೂಡಲೇ ಬಿಸಿಯಲ್ಲೇ ತೆಳುಬಟ್ಟೆಯಲ್ಲಿ ಸೋಸಬೇಕು. ಆರಿದರೆ ಬೀಜ ಬಿಟ್ಟು ಬರುವುದಿಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಆದರೆ ಸೀಗೆಪುಡಿ, ಕಡಲೆಹಿಟ್ಟು ಬಿಗಿ ಗುಂಗುರಿಗೆ ಬೇಡ. ಸುರುಳಿಯೊಳಗೆ ಸಿಕ್ಕ ಪುಡಿ ಎರಡು ಬಕೆಟ್ ನೀರಿಗೂ ಹೋಗುವುದಿಲ್ಲ, ಬಾಚಿದಾಗ ಮರಳಿನಂತೆ ಉಜ್ಜುತ್ತದೆ. ಸೀಗೆ ಬೇಕೇ ಬೇಕಾದರೆ ಕಾಯಿ ಕುದಿಸಿ ಸೋಸಿದ ನೀರು ಸಾಕು.

ತೊಳೆದ ಮೇಲೆ ಡೀಪ್ ಕಂಡೀಷನರ್ ಹಚ್ಚಿ, ಪ್ಲಾಸ್ಟಿಕ್ ಟೋಪಿ ಹಾಕಿ, ಮೇಲೆ ಬಿಸಿ ಟವೆಲ್ ಸುತ್ತಿ 20-30 ನಿಮಿಷ ಕೂರಬೇಕು. ರಾತ್ರಿಯಿಡೀ ಬಿಟ್ಟರೆ ಹೆಚ್ಚಿನ ಲಾಭವೇನಿಲ್ಲ. ಒರೆಸಲು ಹಳೆಯ ಹತ್ತಿ ಟೀ ಶರ್ಟ್, ಒತ್ತಿ ತೆಗೆಯುವುದು ಮಾತ್ರ. ನಮ್ಮಲ್ಲಿ ತಲೆ ಬಗ್ಗಿಸಿ ಟವೆಲ್ಲಿನಿಂದ ಫಟಫಟ ಹೊಡೆಯುವ ದೃಶ್ಯವನ್ನು ಇಲ್ಲಿಯ ಕೇಶತಜ್ಞೆ ನೋಡಿದರೆ ಎದೆ ಒಡೆದುಕೊಂಡಾಳು. ಕೂದಲು ಒದ್ದೆಯಿರುವಾಗಲೇ ನೀರಿನಂಶದ ಲೀವ್ ಇನ್ (ಹಚ್ಚಿ ತೊಳೆಯದೆ ಬಿಡುವ ಕಂಡೀಷನರ್), ಅದರ ಮೇಲೆ ಕೆಲವು ಹನಿ ಎಣ್ಣೆ, ಮೇಲೆ ಕ್ರೀಮು. ಈ ಕ್ರಮ ಮುಖ್ಯ. ಎಣ್ಣೆ ತೇವ ಕೊಡುವುದಿಲ್ಲ, ಇರುವ ತೇವವನ್ನು ಹೊರಹೋಗದಂತೆ ಮುಚ್ಚುತ್ತದೆ. ಒಣಕೂದಲಿಗೆ ಎಣ್ಣೆ ಸುರಿಯುವುದೆಂದರೆ ಖಾಲಿ ಮಡಕೆಗೆ ಮುಚ್ಚಳ ಹಾಕಿದಂತೆ. ಹೊಟ್ಟಿರುವ ನೆತ್ತಿಗಂತೂ ಎಣ್ಣೆ ತಟ್ಟಲೇಬಾರದು, ಹೊಟ್ಟಿನ ಶಿಲೀಂಧ್ರಕ್ಕೆ ಅದೇ ಆಹಾರ.

ಮುಚ್ಚಳದ ಎಣ್ಣೆ ಎಂದರೆ ಇಲ್ಲಿ ಜಮೈಕಾದ ಕಪ್ಪು ಹರಳೆಣ್ಣೆ. ಹರಳನ್ನು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ತೇಲಿದ್ದನ್ನು ತೆಗೆಯುವುದು. ನಮ್ಮ ಹಳ್ಳಿಗಳಲ್ಲಿ ಎಳೆಗೂಸಿನ ನೆತ್ತಿಗೆಂದು ಮನೆಯಲ್ಲೇ ಕಾಸುತ್ತಿದ್ದ ಹರಳೆಣ್ಣೆಯ ಕ್ರಮವೇ ಅದು, ಸೀಸೆ ಮಾತ್ರ ಚೆಂದ, ಬೆಲೆ ಮಾತ್ರ ಡಾಲರಿನಲ್ಲಿ. ಇದು ಕೂದಲನ್ನು ಬೆಳೆಸುತ್ತದೆ ಅನ್ನುವುದಕ್ಕೆ ಪುರಾವೆಯಿಲ್ಲ. ತುದಿಗೆ ತೆಳ್ಳಗೆ ಸವರಿದರೆ ತೇವ ಕಾಯುತ್ತದೆ. ತಲೆತುಂಬ ಮೆತ್ತಿದರೆ ಅಂಟಿಗೆ ಕೂದಲು ಕಂಬಳಿಯಂತೆ ಗಟ್ಟಿಯಾಗಿ, ಕತ್ತರಿಸದೆ ಬೇರೆ ದಾರಿಯಿಲ್ಲವಾದ ಪ್ರಕರಣ ಭಾರತದ ವೈದ್ಯಕೀಯ ಪತ್ರಿಕೆಯಲ್ಲೇ ದಾಖಲಾಗಿದೆ.

ಇಷ್ಟು ಸಹಜ ಕೂದಲಿನ ಮಾತು. ರಿಲ್ಯಾಕ್ಸರ್ ಹಾಕಿ ನೇರ ಮಾಡಿಸಿಕೊಂಡದ್ದರ ಲೆಕ್ಕ ಬೇರೆ. ಇದರಲ್ಲಿ ಎರಡು ಬಗೆ. ಲೈ ಅನ್ನುವುದು ಸೋಡಿಯಂ ಹೈಡ್ರಾಕ್ಸೈಡ್, ನಾವು ಕಾಸ್ಟಿಕ್ ಸೋಡಾ ಅನ್ನುತ್ತೇವಲ್ಲ, ಅದೇ. ನೋ ಲೈ ಅನ್ನುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕ್ರೀಮಿಗೆ ಗ್ವಾನಿಡೀನ್ ಕಾರ್ಬೋನೇಟ್ ದ್ರವ ಬೆರೆಸಿದ್ದು. ಎರಡರ ಪಿಎಚ್ಚೂ 12ರ ಮೇಲೆ, ಅಂದರೆ ತೀಕ್ಷ್ಣ ಕ್ಷಾರ. ಎರಡನೆಯದು ಚರ್ಮ ಸುಡುವುದು ಕಡಿಮೆ, ಆದರೆ ಸುಣ್ಣದ ಅಂಶ ಕೂದಲ ಮೇಲೆ ಕೂತು ಒರಟಾಗುತ್ತದೆ. ತಿಂಗಳಿಗೊಮ್ಮೆ ಈ ಸುಣ್ಣವನ್ನು ಬಿಡಿಸುವ ಕೀಲೇಟಿಂಗ್ ಶ್ಯಾಂಪೂ ಹಾಕದಿದ್ದರೆ ಯಾವ ಕಂಡೀಷನರೂ ಒಳಗಿಳಿಯುವುದಿಲ್ಲ. ಬೋರ್‌ವೆಲ್ ನೀರಿನ ಬೆಂಗಳೂರಿಗರಿಗೂ ಇದೇ ಮದ್ದು, ರಿಲ್ಯಾಕ್ಸರ್ ಇರಲಿ ಬಿಡಲಿ.

ಅನಾಹುತ ಆಗುವುದು ಹೆಚ್ಚಾಗಿ ಮರುಲೇಪನದಲ್ಲಿ. 10-12 ವಾರ ಕಾಯಬೇಕು, ಆಗ ಎರಡು ಸೆಂಟಿಮೀಟರಿನಷ್ಟು ಹೊಸ ಕೂದಲು ಬಂದಿರುತ್ತದೆ. ಆರು ವಾರಕ್ಕೇ ಅವಸರ ಮಾಡಿದರೆ ಸಿಗುವುದು ಒಂದು ಸೆಂಟಿಮೀಟರು, ಬ್ರಷ್ಷು ಹಳೆಯದಕ್ಕೆ ತಾಗಿಯೇ ತಾಗುತ್ತದೆ, ಒಮ್ಮೆ ಬೆಂದದ್ದು ಮತ್ತೆ ಬೇಯುತ್ತದೆ. ಹಾಕುವ ಐದಾರು ದಿನ ಮೊದಲಿಂದ ತಲೆ ತೊಳೆಯಬಾರದು, ಕೆರೆದುಕೊಳ್ಳಬಾರದು. ಗೀರಿದ್ದಲ್ಲಿ ಸುಡುತ್ತದೆ. ನೆತ್ತಿ, ಕಿವಿ, ಹಣೆಯಂಚಿಗೆ ಪೆಟ್ರೋಲಿಯಂ ಜೆಲ್ಲಿ, ಹಳೆಯ ಉದ್ದಕ್ಕೂ ಅದರದೇ ಒಂದು ಪದರ. ಚರ್ಮದಿಂದ ಅರ್ಧ ಸೆಂಟಿಮೀಟರ್ ಬಿಟ್ಟು ಹೊಸ ಕೂದಲಿಗೆ ಮಾತ್ರ ಹಚ್ಚಬೇಕು. ಹೊತ್ತು ಡಬ್ಬಿಯಲ್ಲಿ ಬರೆದಷ್ಟೇ, ಉರಿ ಶುರುವಾದರೆ ಅದಕ್ಕೂ ಮೊದಲೇ ತೊಳೆಯಬೇಕು. "ಇನ್ನೊಂದು ಐದು ನಿಮಿಷ ತಡ್ಕೋ" ಅನ್ನುವ ಪಾರ್ಲರಿನಿಂದ ಎದ್ದು ಬನ್ನಿ. ಪೂರ್ತಿ ನೇರವಾಗಬೇಕೆಂಬ ಹಟ ಬಿಟ್ಟು ಒಂದಿಷ್ಟು ಅಲೆ ಉಳಿಸಿಕೊಂಡವರ ಕೂದಲೇ ಹೆಚ್ಚು ಬಾಳುತ್ತದೆ. ಕೊನೆಗೆ ನ್ಯೂಟ್ರಲೈಸಿಂಗ್ ಶ್ಯಾಂಪೂ, ನೊರೆಯ ಗುಲಾಬಿ ಬಣ್ಣ ಹೋಗಿ ಬೆಳ್ಳಗಾಗುವವರೆಗೆ ಎರಡು ಮೂರು ಸಲ. ಕಿವಿಯ ಹಿಂದೆ, ಕತ್ತಿನ ಕುಳಿಯಲ್ಲಿ ಉಳಿದ ಕ್ಷಾರ ದಿನಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ.

ಕನ್ನಡದ ಓದುಗರಿಗೆ ಇಲ್ಲೊಂದು ಅಪಾಯದ ಮಾತು ಹೇಳಲೇಬೇಕು. ನಮ್ಮೂರ ರೀಬಾಂಡಿಂಗ್, ಸ್ಮೂತನಿಂಗ್‌ಗಳಲ್ಲಿ ಬಳಸುವುದು ಥಯೋಗ್ಲೈಕೋಲೇಟ್. ಅದು ಕೂದಲಿನ ಗಂಧಕದ ಕೊಂಡಿಯನ್ನು ಬಿಚ್ಚುತ್ತದೆ, ಪೆರಾಕ್ಸೈಡ್ ಮತ್ತೆ ಹಾಕುತ್ತದೆ. ಹೈಡ್ರಾಕ್ಸೈಡ್ ರಿಲ್ಯಾಕ್ಸರ್ ಕೊಂಡಿಯ ಎರಡು ಗಂಧಕದಲ್ಲಿ ಒಂದನ್ನು ಕಿತ್ತೇ ಬಿಡುತ್ತದೆ, ಮತ್ತೆ ಜೋಡಣೆ ಇಲ್ಲ. ಒಂದರ ಮೇಲೆ ಇನ್ನೊಂದು ಹಾಕಿದರೆ ಕೂದಲು ಕೈಗೇ ಬರುತ್ತದೆ. ಎರಡರಲ್ಲೂ ನ್ಯೂಟ್ರಲೈಸರ್ ಎಂಬ ಒಂದೇ ಹೆಸರು ಬೇರೆ, ವಸ್ತು ಮಾತ್ರ ಪೂರ್ತಿ ಬೇರೆ. ಊರಿಗೆ ಹೋದಾಗ ಅಗ್ಗ ಎಂದು ರೀಬಾಂಡಿಂಗ್ ಮಾಡಿಸುವ ಗುಂಗುರು ಕೂದಲಿನವರು ಹಿಂದೆ ಏನು ಹಾಕಿಸಿದ್ದೀರೆಂದು ಬಾಯಿಬಿಟ್ಟು ಹೇಳಬೇಕು. ಇನ್ನೂ ದೊಡ್ಡ ಮಾತೆಂದರೆ, 33,497 ಮಹಿಳೆಯರನ್ನು ಸುಮಾರು 11 ವರ್ಷ ಅನುಸರಿಸಿದ ಅಮೆರಿಕದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಕೂದಲು ನೇರವಾಗಿಸುವ ರಾಸಾಯನಿಕ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಸಾಧ್ಯತೆ ಬಳಸದವರಿಗಿಂತ ಎರಡು ಪಟ್ಟು ಮೀರಿತ್ತು. ಕಾರಣ ಇದೇ ಎಂದು ಸಾಬೀತಾಗಿಲ್ಲ, ಆದರೆ ಕಣ್ಣುಮುಚ್ಚಿಕೊಳ್ಳುವಂಥ ಅಂಕಿಯೂ ಅಲ್ಲ.

ಕೂದಲಿಗೆ ಹಚ್ಚುವ ಪ್ರೋಟೀನಿನ ವಿಷಯ ಚುಟುಕಾಗಿ: ಒದ್ದೆ ಎಳೆಯೊಂದನ್ನು ಮೆಲ್ಲಗೆ ಎಳೆಯಿರಿ. ಚೂರು ಹಿಗ್ಗಿ ಮರಳಿದರೆ ಸರಿ. ಚೂಯಿಂಗ್ ಗಮ್ಮಿನಂತೆ ಹಿಗ್ಗಿ ಮರಳದಿದ್ದರೆ ಪ್ರೋಟೀನ್ ಬೇಕು. ಹಿಗ್ಗದೆ ತಟಕ್ಕೆಂದರೆ ಪ್ರೋಟೀನ್ ಹೆಚ್ಚಾಗಿದೆ, ತೇವ ಬೇಕು. ರಿಲ್ಯಾಕ್ಸರ್ ಹಾಕಿದವರಿಗೆ ಪ್ರೋಟೀನ್ ಆರು ವಾರಕ್ಕೊಮ್ಮೆ ಸಾಕು.

ಜಡೆಯ ವಿಷಯದಲ್ಲಿ ಎರಡು ಕಡೆಯ ಅಜ್ಜಿಯರೂ ಒಂದೇ ತಪ್ಪು ಹೇಳಿದ್ದಾರೆ: ಬಿಗಿಯಾಗಿ ಹೆಣೆದರೆ ಕೂದಲು ಬೆಳೆಯುತ್ತದೆ ಎಂದು. ಬಾಕ್ಸ್ ಬ್ರೇಡ್, ಕಾರ್ನ್‌ರೋ, ಟ್ವಿಸ್ಟು ಎಂಬ ಇಲ್ಲಿನ ಹೆಣಿಗೆಗಳ ಉದ್ದೇಶ ತುದಿಯನ್ನು ಒಳಗೆ ಬಚ್ಚಿಟ್ಟು ಉಜ್ಜುವಿಕೆ ತಪ್ಪಿಸುವುದು. ಬಿಗಿತ ಅದರ ಭಾಗವಲ್ಲ. ಹುಬ್ಬು ಎತ್ತಲು ಕಷ್ಟವಾದರೆ, ಹಣೆಯಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಅದೇ ದಿನ ಬಿಚ್ಚಬೇಕು. ವರ್ಷಗಟ್ಟಲೆ ಎಳೆದರೆ ಹಣೆಯಂಚಿನ ಕೂದಲು ಹಿಂದೆ ಸರಿಯುತ್ತದೆ, ಕಲೆ ಕಟ್ಟಿದ ಮೇಲೆ ಮರಳುವುದಿಲ್ಲ. ಎಣ್ಣೆ ಹಚ್ಚಿ ಎಳೆದು ಎರಡು ಜಡೆ ಮಡಿಸಿ ಕಟ್ಟಿಸಿಕೊಂಡು ಶಾಲೆಗೆ ಹೋದ ನಮ್ಮ ಹೆಣ್ಣುಮಕ್ಕಳ ಹಣೆ ಅಗಲವಾದದ್ದಕ್ಕೂ ಇದೇ ಕಾರಣ ಇರಬಹುದು. ಆರರಿಂದ ಎಂಟು ವಾರ ಮೀರಿ ಒಂದೇ ಹೆಣಿಗೆ ಇಡಬಾರದು. ಅಂದಹಾಗೆ, ಇಲ್ಲಿನ ಅಂಗಡಿಗಳಲ್ಲಿ ಇಂಡಿಯನ್ ಹೇರ್ ಎಂದು ದುಬಾರಿಗೆ ಮಾರುವ ಕೂದಲಲ್ಲಿ ದೇವಸ್ಥಾನಗಳಲ್ಲಿ ಕೊಟ್ಟ ಮುಡಿಯೂ ಇರುತ್ತದೆ. ತಿಮ್ಮಪ್ಪನ ಹರಕೆ ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ.

ಇದನ್ನೆಲ್ಲ ಕನ್ನಡದಲ್ಲಿ ಯಾಕೆ ಬರೆಯಬೇಕು? ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಡೆ ಸಿದ್ದಿಗಳಿದ್ದಾರೆ. ಆಫ್ರಿಕದಿಂದ ಬಂದವರ ಸಂತತಿ, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಅಲ್ಲಿನ ಹುಡುಗಿಗೆ ಕನ್ನಡದ ಪತ್ರಿಕೆಗಳ ಸೌಂದರ್ಯ ಅಂಕಣದಲ್ಲಿ ಸಿಗುವುದು "ದಿನಾ ನೂರು ಸಲ ಬಾಚಿ" ಎಂಬ ಸಲಹೆ. ಅವಳ ಕೂದಲಿಗೆ ಅದು ವಿಷ. ಸಿದ್ದಿಗಳಲ್ಲದ ಗುಂಗುರು ಕೂದಲಿನ ಕನ್ನಡಿಗರೂ ಲಕ್ಷಾಂತರ ಇದ್ದಾರೆ, ಅವರಿಗೂ ಹಾಕುವುದು ಅದೇ ಹಣಿಗೆ. ಕ್ಯಾಲಿಫೋರ್ನಿಯಾ 2019ರಲ್ಲಿ ಸಹಜ ಕೂದಲು, ಜಡೆಗಳ ಕಾರಣಕ್ಕೆ ಶಾಲೆ-ಕೆಲಸದಲ್ಲಿ ತಾರತಮ್ಯ ಮಾಡಬಾರದೆಂದು ಕ್ರೌನ್ ಕಾಯ್ದೆ ತಂದಿತು. ನಮ್ಮಲ್ಲಿ ಅಷ್ಟು ದೂರ ಹೋಗುವ ಮೊದಲು ಶಾಲೆಯಲ್ಲಿ "ನೀಟಾಗಿ ಎಣ್ಣೆ ಹಾಕಿ ಬಾಚ್ಕೊಂಡು ಬಾ" ಅನ್ನುವುದನ್ನಾದರೂ ನಿಲ್ಲಿಸಬಹುದು.

ಬೇಕಾದ ಸಾಮಾನಿಗೆ ಅಟ್ಲಾಂಟಾಕ್ಕೆ ಬರಬೇಕಿಲ್ಲ. ಅಗಲ ಹಲ್ಲಿನ ಬಾಚಣಿಗೆ, ಕಂಡೀಷನರ್, ಕೊಬ್ಬರಿ ಎಣ್ಣೆ, ದಾಸವಾಳದ ಸೊಪ್ಪು. ರಾತ್ರಿ ತಲೆಗೆ ಕಟ್ಟುವ ಸ್ಯಾಟಿನ್ ಟೋಪಿಯ ಬದಲು ಹರಿದ ರೇಷ್ಮೆ ಸೀರೆಯ ಒಂದು ಮೀಟರ್ ತುಂಡು ಸಾಕು, ಜರಿಯಂಚು ಕತ್ತರಿಸಿ ತೆಗೆದಿರಬೇಕು. ಹತ್ತಿಯ ದಿಂಬಿಗೆ ಕೂದಲು ಉಜ್ಜುತ್ತದೆ, ರೇಷ್ಮೆಯ ಮೇಲೆ ಜಾರುತ್ತದೆ. ಗಂಟು ಹಣೆಯ ಮೇಲೆ ಬರಲಿ, ಸಡಿಲವಾಗಿ.